ಮೀಟರಿನಲ್ಲಿ 12 ವೋಲ್ಟ್ ಇದೆ, ಪಂಪು ಮಾತ್ರ ಓಡುತ್ತಿಲ್ಲ

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲಿ ಸರಣಿ ಸಂಯೋಜನೆಯ ಲೆಕ್ಕಗಳನ್ನು ಮಕ್ಕಳು ಬೇಗ ಕಲಿಯುತ್ತಾರೆ. ರೋಧಗಳನ್ನು ಕೂಡಿಸು, ವಿಭವಾಂತರವನ್ನು ಆ ಮೊತ್ತದಿಂದ ಭಾಗಿಸು, ಪ್ರವಾಹ ಸಿಕ್ಕಿತು. ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಅದೇ ಮಕ್ಕಳ ಮುಂದೆ 12 ವೋಲ್ಟಿನ ಬ್ಯಾಟರಿ ಇಟ್ಟು, ಅದರ ತಂತಿಯ ನಡುವೆ ಕಿಲುಬು ಹಿಡಿದ ಒಂದು ಜೋಡಣೆ ಹಾಕಿ, ತಂತಿಯ ಕೊನೆಯನ್ನು ಯಾವುದಕ್ಕೂ ಸಿಕ್ಕಿಸದೆ ಬಿಟ್ಟು, "ಈ ತುದಿಯಲ್ಲಿ ಮೀಟರ್ ಎಷ್ಟು ತೋರಿಸುತ್ತದೆ?" ಎಂದು ಕೇಳಿ ನೋಡಿ. ಕಿಲುಬಿದೆ, ಹಾಗಾಗಿ ಕಡಿಮೆ ತೋರಿಸುತ್ತದೆ ಎನ್ನುವವರೇ ಹೆಚ್ಚು. ಮೀಟರ್ ಸರಿಯಾಗಿ 12 ತೋರಿಸಿದ ಮೇಲೆ ಅವರೇ, "ಹಂಗಾದ್ರೆ ಕಿಲುಬಿಂದ ಏನೂ ತೊಂದ್ರೆ ಇಲ್ಲ ಮಿಸ್" ಎಂದು ಎದುರು ದಡಕ್ಕೆ ಹಾರುತ್ತಾರೆ. ಎರಡೂ ತಪ್ಪು. ಮೊದಲನೆಯದು ತರಗತಿಯಲ್ಲೇ ಉಳಿಯುವ ತಪ್ಪು. ಎರಡನೆಯದನ್ನು ಊರಿನ ದೊಡ್ಡವರೂ ಮಾಡುತ್ತಾರೆ, ದುಡ್ಡು ಕೊಟ್ಟು ಮಾಡುತ್ತಾರೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುವಾಗ ನಾನು ಈ ಒಂದು ಅಂಶವನ್ನು ವಾಹನದ ಇಂಧನ ಪಂಪಿನ ಮೂಲಕ ಎರಡು ಅವಧಿಗಳಲ್ಲಿ ಕಲಿಸಿದೆ. ಪಂಪಿನ ವಿದ್ಯುತ್ ದೋಷವನ್ನು ಹುಡುಕುವ ಕ್ರಮ ಮತ್ತು ಅದನ್ನು ಪಾಠಕ್ಕೆ ಇಳಿಸಿದ ಬಗೆ ಎರಡನ್ನೂ ಇಲ್ಲಿ ಬರೆದಿದ್ದೇನೆ. ಭೌತವಿಜ್ಞಾನ ಬೋಧನಾ ವಿಷಯದ ಗೆಳೆಯರು ಬೇಕಾದಂತೆ ಬದಲಿಸಿಕೊಳ್ಳಬಹುದು.

ಮನೆಮನೆಯ ಪಂಪು

ಇಂಧನ ಪಂಪು ಎಂದರೆ ಮಕ್ಕಳಿಗೆ ಮೊದಲು ನೆನಪಾಗುವುದು ಪೆಟ್ರೋಲ್ ಬಂಕು. ವಾಹನದ ಟ್ಯಾಂಕಿನೊಳಗೆ ಒಂದು ಪುಟ್ಟ ಮೋಟರು ಪೆಟ್ರೋಲಿನಲ್ಲೇ ಮುಳುಗಿ ಕುಳಿತಿರುತ್ತದೆ ಎಂದರೆ ನಂಬುವುದಿಲ್ಲ. ಹಳೆಯ ಸ್ಕೂಟರ್, ಬೈಕುಗಳಲ್ಲಿ ಅದು ಇರಲೂ ಇಲ್ಲ. ಟ್ಯಾಂಕು ಮೇಲೆ, ಕಾರ್ಬ್ಯುರೇಟರ್ ಕೆಳಗೆ. ಪೆಟ್ರೋಲು ತಾನಾಗಿ ಇಳಿಯುತ್ತಿತ್ತು. ನೆಲಮಂಗಲದ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಹಳೆಯ ಲಾರಿಗಳ ಡೀಸೆಲ್ ಪಂಪನ್ನು ಈಗಲೂ 'ಮೈಕೋ ಪಂಪು' ಎನ್ನುತ್ತಾರೆ. 1951ರಲ್ಲಿ ಶುರುವಾದ, ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಹೆಸರು ಅದು. ಆ ಪಂಪನ್ನು ತಿರುಗಿಸುತ್ತಿದ್ದುದು ಎಂಜಿನ್ನೇ. ಬ್ಯಾಟರಿ ಸತ್ತಿದ್ದರೂ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದಿತ್ತು.

ಎಂಜಿನ್ನಿಗೆ ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆ ಬಂದ ಮೇಲೆ ವಿದ್ಯುತ್ ಪಂಪು ಅನಿವಾರ್ಯವಾಯಿತು. ಪೆಟ್ರೋಲ್ ಕಾರು, ವ್ಯಾನುಗಳಿಗೆ ಅದು ಎರಡು ದಶಕಗಳ ಹಿಂದೆಯೇ ಬಂತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್. 6 ಹೊಗೆ ನಿಯಮ ಜಾರಿಯಾದಾಗ ಬಹುಪಾಲು ಸ್ಕೂಟರ್, ಬೈಕುಗಳಿಗೂ ಬಂತು. ಹಾಗಾಗಿ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳ ಮನೆಯಂಗಳದಲ್ಲಿ ಇಂದು ಒಂದು ಇಂಧನ ಪಂಪು ನಿಂತಿರುತ್ತದೆ. ಕೀಲಿ ತಿರುಗಿಸಿದ ಕೂಡಲೆ ಸೀಟಿನಡಿಯಿಂದ ಎರಡು ಸೆಕೆಂಡು 'ಗುಂಯ್' ಎಂದು ಸದ್ದು ಬಂದು ನಿಲ್ಲುತ್ತದಲ್ಲ, ಅದೇ. ಮೊದಲ ದಿನದ ಮನೆಗೆಲಸವಾಗಿ ನಾನು ಕೊಟ್ಟದ್ದು ಇಷ್ಟೇ: ಮನೆಯ ಗಾಡಿಯ ಆ ಸದ್ದನ್ನು ಕೇಳಿಸಿಕೊಂಡು ಬನ್ನಿ. ಅಪ್ಪನ ಒಪ್ಪಿಗೆ ಪಡೆದು, ಸ್ಟಾರ್ಟ್ ಮಾಡದೆ.

ಎರಡು ಸೆಕೆಂಡಿಗೆ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆ ಮರುದಿನ ಬಂದೇ ಬರುತ್ತದೆ. ಪಂಪನ್ನು ಆಳುವುದು ಎಂಜಿನ್ನಿನ ಕಂಪ್ಯೂಟರು. ಕೀಲಿ ತಿರುಗಿದಾಗ ಕೊಳವೆಯಲ್ಲಿ ಒತ್ತಡ ತುಂಬಲೆಂದು ಅದು ಪಂಪನ್ನು ಸ್ವಲ್ಪ ಹೊತ್ತು ಓಡಿಸುತ್ತದೆ. ಎಂಜಿನ್ನು ತಿರುಗುತ್ತಿರುವ ಸುಳಿವು ಸಿಗದಿದ್ದರೆ ನಿಲ್ಲಿಸಿಬಿಡುತ್ತದೆ. ಅಪಘಾತವಾಗಿ ಕೊಳವೆ ಹರಿದು, ಎಂಜಿನ್ನು ನಿಂತು, ಪಂಪು ಮಾತ್ರ ಪೆಟ್ರೋಲು ಸುರಿಯುತ್ತಾ ಇದ್ದರೆ ಏನಾದೀತು ಎಂದು ಮಕ್ಕಳನ್ನೇ ಕೇಳಿ.

ಪಂಪಿನ ವಿದ್ಯುತ್ ಮಂಡಲ ಸರಳ. ಬ್ಯಾಟರಿಯ ಧನ ತುದಿ, ಫ್ಯೂಸು, ರಿಲೇಯ ಸಂಪರ್ಕ, ಹಿಂದಿನವರೆಗೆ ಓಡುವ ಉದ್ದದ ತಂತಿ, ಟ್ಯಾಂಕಿನ ಮೇಲಿನ ಕಪ್ಲರ್, ಮೋಟರು, ಮತ್ತೆ ಅದೇ ಕಪ್ಲರ್, ಅರ್ಥ್ ತಂತಿ, ಗಾಡಿಯ ಕಬ್ಬಿಣದ ಮೈ, ಬ್ಯಾಟರಿಯ ಋಣ ತುದಿ. ಎಲ್ಲವೂ ಒಂದೇ ಸಾಲಿನಲ್ಲಿ, ಸರಣಿಯಲ್ಲಿ. ರಿಲೇಯೊಳಗಿನ ಸುರುಳಿಗೆ ಮಾತ್ರ ಬೇರೆ ಮಂಡಲ. ಅದರ ರೋಧ ಸುಮಾರು 80 ಓಮ್ ಎಂದಿಟ್ಟುಕೊಂಡರೆ 12 ವೋಲ್ಟಿಗೆ ಹರಿಯುವುದು 0.15 ಆಂಪಿಯರ್. ಅಷ್ಟು ಸಣ್ಣ ಪ್ರವಾಹ ನಾಲ್ಕೈದು ಆಂಪಿಯರಿನ ದಾರಿಯನ್ನು ತೆರೆಯುತ್ತದೆ, ಮುಚ್ಚುತ್ತದೆ. ವಿದ್ಯುತ್ಕಾಂತದ ಪಾಠಕ್ಕೂ ಇದು ಒದಗುತ್ತದೆ. ನಾನು ಅದನ್ನು ಮುಂದಿನ ಅಧ್ಯಾಯಕ್ಕೆ ಬಿಟ್ಟೆ.

ಹೂವಿನ ವ್ಯಾನು

ನಮ್ಮ ತರಗತಿಯ ಒಬ್ಬ ಹುಡುಗಿಯ ತಂದೆ ಸುತ್ತಲಿನ ಪಾಲಿಹೌಸುಗಳ ಗುಲಾಬಿಯನ್ನು ಬಾಡಿಗೆಗೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಒಯ್ಯುತ್ತಾರೆ. ಏಳು ವರ್ಷದ ಪೆಟ್ರೋಲ್ ವ್ಯಾನು. ಅರ್ಧ ಗಂಟೆ ಓಡಿದ ಮೇಲೆ, ಅದೂ ಲೋಡಿನಲ್ಲಿ ಏರು ಹತ್ತುವಾಗ, ಉಸಿರು ಕಟ್ಟಿದಂತೆ ಜಗ್ಗಿ ನಿಂತುಬಿಡುತ್ತಿತ್ತು. ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತಿತ್ತು. ಬೆಳಗಿನ ಜಾವದ ಹೂವಿಗೆ ಇಪ್ಪತ್ತು ನಿಮಿಷವೂ ದುಬಾರಿ. ಹೊತ್ತೇರಿದ ಮೇಲೆ ಮುಟ್ಟಿದ ಹೂವಿಗೆ ಸಿಗುವುದು ಮಿಕ್ಕಿದ ಬೆಲೆ. ಒಂದು ಗ್ಯಾರೇಜಿನಲ್ಲಿ ಕಪ್ಲರ್ ಬಿಚ್ಚಿ ಮೀಟರ್ ಹಿಡಿದು, "ಕರೆಂಟ್ ಫುಲ್ ಬತ್ತೈತೆ, ಪಂಪೇ ಹೋಗಿದೆ" ಎಂದು ಹೊಸ ಪಂಪು ಹಾಕಿದರು. ವ್ಯಾನು ಮೂರು ವಾರ ಚೆನ್ನಾಗಿ ಓಡಿತು. ಆಮೇಲೆ ಅದೇ ಕಥೆ. ಹೊಸ ಪಂಪೇ ಡೂಪ್ಲಿಕೇಟ್ ಇರಬೇಕೆಂದು ಇನ್ನೊಂದು ಹಾಕಿಸಿದರು. ಅದಕ್ಕೂ ಮೂರು ವಾರ. ಆ ತಿಂಗಳು ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ವ್ಯಾನು ನಿಂತ ದಿನಗಳಲ್ಲಿ ತಾಯಿಯ ಜೊತೆ ಅವಳೂ ಹೂ ಕೊಯ್ಯಲು ಕೂಲಿಗೆ ಹೋಗಿದ್ದಳೆಂದು ಹಾಜರಿ ಕರೆಯುವಾಗ ತಿಳಿಯಿತು.

ನನ್ನ ಅಣ್ಣ ನೆಲಮಂಗಲದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಾನೆ. ವಿಷಯ ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ, "ವೋಲ್ಟೇಜು ಕಪ್ಲರ್ ಬಿಚ್ಚಿ ನೋಡಿದ್ರೋ, ಓಡ್ತಿರುವಾಗ ನೋಡಿದ್ರೋ?" ಬಿಚ್ಚಿ ನೋಡಿದ್ದೆಂದೆ. "ಬಿಚ್ಚಿ ನೋಡಿದ್ರೆ ಎಲ್ಲಾ ವೈರೂ ಒಳ್ಳೇವೇ ಕಣಮ್ಮ. ಕೆಲಸ ಕೊಟ್ಟು ನೋಡ್ಬೇಕು" ಎಂದ.

ಇಡೀ ಪಾಠ ಈ ಮಾತಿನ ಒಳಗಿದೆ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ 10 ಲಕ್ಷ ಓಮ್ ಅಥವಾ ಇನ್ನೂ ಹೆಚ್ಚು. ಪಂಪಿನ ಜಾಗದಲ್ಲಿ ಮೀಟರ್ ಒಂದೇ ಇದ್ದಾಗ ಹರಿಯುವ ಪ್ರವಾಹ 12 ಭಾಗಿಸು 10 ಲಕ್ಷ, ಅಂದರೆ ಒಂದು ಆಂಪಿಯರಿನ ಲಕ್ಷದ ಒಂದು ಪಾಲಿನಷ್ಟು. ಕಿಲುಬು ಹಿಡಿದ ಜೋಡಣೆಯ ರೋಧ 1 ಓಮ್ ಆಗಿರಲಿ, 1000 ಓಮೇ ಆಗಿರಲಿ, ಅಷ್ಟು ಸಣ್ಣ ಪ್ರವಾಹಕ್ಕೆ ಅದರಲ್ಲಿ ಕಳೆದುಹೋಗುವ ವಿಭವಾಂತರ ಮೀಟರಿನ ಕಣ್ಣಿಗೆ ಬೀಳುವಂಥದ್ದಲ್ಲ. 1000 ಓಮಿಗೂ ಕಳೆಯುವುದು ಒಂದು ವೋಲ್ಟಿನ ನೂರನೇ ಒಂದು ಪಾಲು ಮಾತ್ರ. ಮೀಟರ್ ಸುಳ್ಳು ಹೇಳುತ್ತಿಲ್ಲ. ಪ್ರವಾಹ ಇಲ್ಲದಿದ್ದಾಗ ರೋಧ ಏನನ್ನೂ ತಿನ್ನುವುದಿಲ್ಲ. ಓಮ್‌ನ ನಿಯಮದ ಸಮೀಕರಣದಲ್ಲಿ ಪ್ರವಾಹದ ಜಾಗಕ್ಕೆ ಸೊನ್ನೆ ಹಾಕಿದರೆ ರೋಧ ಎಷ್ಟಿದ್ದರೂ ಗುಣಲಬ್ಧ ಸೊನ್ನೆ. ಮಕ್ಕಳು ಇದನ್ನು ಗಣಿತವಾಗಿ ಒಪ್ಪುತ್ತಾರೆ, ತಂತಿಯ ಮುಂದೆ ನಿಂತಾಗ ಮರೆಯುತ್ತಾರೆ.

ಹನಿ ನೀರಾವರಿಯ ಹೋಲಿಕೆ ಇಲ್ಲಿ ಚೆನ್ನಾಗಿ ಕೆಲಸ ಮಾಡಿತು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟದ ಮಕ್ಕಳಿಗೆ ಪೈಪಿನ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಪೈಪಿನ ನಡುವೆ ಕಸ ಕಟ್ಟಿದೆ, ಕೊನೆಯ ವಾಲ್ವು ಮುಚ್ಚಿದೆ. ಕೊನೆಯಲ್ಲಿ ಒತ್ತಡದ ಮೀಟರ್ ಹಾಕಿದರೆ ಪೂರ್ತಿ ಒತ್ತಡ ತೋರಿಸುತ್ತದೆ. ವಾಲ್ವು ತೆರೆದ ಕೂಡಲೆ ಮುಳ್ಳು ಕೆಳಗೆ ಬೀಳುತ್ತದೆ, ಕೊನೆಯ ಸಾಲಿನ ಬಳ್ಳಿಗೆ ನೀರಿಲ್ಲ. ಹೋಲಿಕೆ ಎಲ್ಲಿಯವರೆಗೆ ಎಂಬುದನ್ನೂ ಹೇಳಬೇಕು. ತಂತಿ ತುಂಡಾದರೆ ವಿದ್ಯುತ್ತು ನೀರಿನಂತೆ ನೆಲಕ್ಕೆ ಸುರಿಯುವುದಿಲ್ಲ. ಒಬ್ಬ ಹುಡುಗ ಅದನ್ನೇ ಕೇಳಿದ.

ಕೆಲಸ ಕೊಟ್ಟು ನೋಡುವುದು

ಅಣ್ಣ ಒಂದು ಭಾನುವಾರ ಬಂದು ವ್ಯಾನನ್ನು ನೋಡಿದ. ಅಪ್ಪ, ಮಗಳು, ನಾನು ಮೂವರೂ ಪಕ್ಕದಲ್ಲಿದ್ದೆವು. ಅವನು ಅನುಸರಿಸಿದ ಕ್ರಮವನ್ನು ಕಾರಣಗಳೊಂದಿಗೆ ಬರೆಯುತ್ತೇನೆ.

ಮೊದಲು ಕಿವಿ. ಕೀಲಿ ತಿರುಗಿಸಿದಾಗ ಪಂಪಿನ ಸದ್ದು ಬಂತೆ, ರಿಲೇ 'ಟಿಕ್' ಎಂದಿತೆ? ರಿಲೇಯೂ ಸುಮ್ಮನಿದ್ದರೆ ದೋಷ ಆಳುವ ಕಡೆಗಿದೆ: ಕೀಲಿ, ಕಂಪ್ಯೂಟರು, ಅಥವಾ ರಿಲೇಯ ಸುರುಳಿ. ದ್ವಿಚಕ್ರ ವಾಹನವಾದರೆ ಇನ್ನೊಂದಿದೆ. ಗಾಡಿ ಬಿದ್ದರೆ ಎಂಜಿನ್ನನ್ನೂ ಪಂಪನ್ನೂ ನಿಲ್ಲಿಸುವ ಸಂವೇದಕ ಹಲವು ಮಾದರಿಗಳಲ್ಲಿ ಇರುತ್ತದೆ; ಬಿದ್ದೆದ್ದ ಮೇಲೆ ಕೀಲಿಯನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಸಾಕಾಗುವುದುಂಟು. ರಿಲೇ 'ಟಿಕ್' ಎಂದೂ ಪಂಪು ಸುಮ್ಮನಿದ್ದರೆ ದೋಷ ದೊಡ್ಡ ಪ್ರವಾಹದ ದಾರಿಯಲ್ಲಿದೆ. ರಿಲೇ 'ಟಿಕ್' ಎಂದ ಮಾತ್ರಕ್ಕೆ ಅದರ ಸಂಪರ್ಕ ಚೆನ್ನಾಗಿದೆ ಎಂದಲ್ಲ. ಒಳಗಿನ ಮುಖಗಳು ಸುಟ್ಟಿರಬಹುದು. ಹಾರನ್ನಿನದೋ ಫ್ಯಾನಿನದೋ ಅದೇ ನಮೂನೆಯ ರಿಲೇ ಪೆಟ್ಟಿಗೆಯಲ್ಲಿದ್ದರೆ ಅದಲು ಬದಲು ಮಾಡಿ ನೋಡುವುದು ಒಂದು ನಿಮಿಷದ ಕೆಲಸ.

ಆಮೇಲೆ ಫ್ಯೂಸು. ಕೆಂಪು 10, ನೀಲಿ 15, ಹಳದಿ 20 ಆಂಪಿಯರ್ ಎಂಬ ಬಣ್ಣದ ಲೆಕ್ಕ ಮಕ್ಕಳಿಗೆ ಬಹಳ ಹಿಡಿಸಿತು. ಫ್ಯೂಸು ಹೋಗಿದ್ದರೆ ಅದೇ ಬಣ್ಣದ್ದನ್ನು ಒಮ್ಮೆ ಹಾಕಬಹುದು. ಮತ್ತೆ ಹೋದರೆ ತಂತಿ ಎಲ್ಲೋ ಗಾಡಿಯ ಮೈಗೆ ತಾಗುತ್ತಿದೆ, ಇಲ್ಲವೆ ಮೋಟರು ಸಿಕ್ಕಿಕೊಂಡಿದೆ. ಆಗ ದೊಡ್ಡ ಫ್ಯೂಸನ್ನೋ ತಂತಿಯ ಸುತ್ತನ್ನೋ ತುರುಕುವುದೆಂದರೆ ಸುಡಬೇಕಾದ ವಸ್ತುವನ್ನು ಫ್ಯೂಸಿನಿಂದ ತಂತಿಗೆ ವರ್ಗಾಯಿಸಿದಂತೆ. ತಂತಿ ಹೋಗುವುದು ಪೆಟ್ರೋಲ್ ಟ್ಯಾಂಕಿನ ಮೇಲೆಯೇ.

ವ್ಯಾನಿನಲ್ಲಿ ಇವೆಲ್ಲ ಸರಿಯಿದ್ದವು. ಅಣ್ಣ ಅದನ್ನು ಅರ್ಧ ಗಂಟೆ ಓಡಿಸಿಕೊಂಡು ಬಂದ. ಬಿಸಿಯಾದಾಗ ಬರುವ ದೋಷವನ್ನು ತಣ್ಣಗಿದ್ದಾಗ ಹುಡುಕಿ ಪ್ರಯೋಜನವಿಲ್ಲ. ಎಂಜಿನ್ನು ಓಡುತ್ತಿರುವಾಗಲೇ, ಕಪ್ಲರ್ ಬಿಚ್ಚದೆ, ಅದರ ಹಿಂಬದಿಯಿಂದ ತಂತಿಯ ಪಕ್ಕಕ್ಕೆ ತೆಳುವಾದ ಪಿನ್ನು ತೂರಿಸಿ ಅಳೆದ. ಬ್ಯಾಟರಿಯ ಎರಡು ತುದಿಗಳ ನಡುವೆ 13.8 ವೋಲ್ಟ್. ಎಂಜಿನ್ನು ಓಡುವಾಗ ಚಾರ್ಜ್ ಆಗುತ್ತಿರುವುದರಿಂದ 12ಕ್ಕಿಂತ ಹೆಚ್ಚು ಇರುವುದು ಸಹಜ. ಪಂಪಿನ ಎರಡು ತುದಿಗಳ ನಡುವೆ 10.6.

3.2 ವೋಲ್ಟ್ ಎಲ್ಲಿ ಹೋಯಿತು? ಇಲ್ಲಿಂದ ಮುಂದಿನ ಅಳತೆಯೇ ನನಗೆ ಇಡೀ ಪರೀಕ್ಷೆಯಲ್ಲಿ ಅತ್ಯಂತ ಇಷ್ಟವಾದದ್ದು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಪಂಪಿನ ಧನ ತುದಿಗೂ ಹಿಡಿದ. ಒಂದೇ ದಾರಿಯ ಎರಡು ಕೊನೆಗಳು. ದಾರಿ ಚೆನ್ನಾಗಿದ್ದರೆ ಸೊನ್ನೆಗೆ ಹತ್ತಿರ ಬರಬೇಕು. ಸುಮಾರು ಅರ್ಧ ವೋಲ್ಟಿನವರೆಗೆ ಒಪ್ಪಬಹುದು ಎನ್ನುತ್ತಾರೆ ಮೆಕ್ಯಾನಿಕರು. ಬಂದದ್ದು 0.3. ಸರಿ, ಆ ಕಡೆ ದೋಷವಿಲ್ಲ. ಈಗ ಪಂಪಿನ ಅರ್ಥ್ ತುದಿಗೂ ಬ್ಯಾಟರಿಯ ಋಣ ತುದಿಗೂ ಹಿಡಿದ. ಇಲ್ಲಿ ಇನ್ನೂ ಕಡಿಮೆ, 0.2 ಅಥವಾ 0.3 ಇರಬೇಕಿತ್ತು. ಬಂದದ್ದು 2.9. ಅದರ ಬಹುಪಾಲು ಕಪ್ಲರಿನ ಅರ್ಥ್ ಪಿನ್ನಿನ ಈ ಬದಿಗೂ ಆ ಬದಿಗೂ ನಡುವೆಯೇ ಇತ್ತು.

ಪಕ್ಕದಲ್ಲಿದ್ದ ಹುಡುಗಿ ಮೂರೂ ಸಂಖ್ಯೆಗಳನ್ನು ಕೂಡಿಸಿದಳು: 10.6, 0.3, 2.9. ಮೊತ್ತ 13.8. "ಮಿಸ್, ಬುಕ್ಕಲ್ಲಿರೋ ತರಾನೇ ಬಂತು" ಎಂದಳು. ಸರಣಿಯಲ್ಲಿ ವಿಭವಾಂತರಗಳ ಮೊತ್ತ ಆಕರದ ವಿಭವಾಂತರಕ್ಕೆ ಸಮ ಎಂಬ ಸಾಲನ್ನು ಅವಳು ಅದಕ್ಕೆ ಮೊದಲು ಕನಿಷ್ಠ ಹತ್ತು ಸಲ ಬರೆದಿದ್ದಳು.

ಕ್ಲ್ಯಾಂಪ್ ಮೀಟರಿನಲ್ಲಿ ಪ್ರವಾಹ 3.6 ಆಂಪಿಯರ್ ಇತ್ತು. ಈ ಎರಡು ಸಂಖ್ಯೆಗಳಿಂದ ತರಗತಿಯಲ್ಲಿ ಲೆಕ್ಕ ಮಾಡಿಸಿದೆ. ಅರ್ಥ್ ದಾರಿಯ ರೋಧ 2.9 ಭಾಗಿಸು 3.6, ಸುಮಾರು 0.8 ಓಮ್. ಓಮ್ ಮೀಟರ್ ಹಿಡಿದಿದ್ದರೆ ಯಾರೂ ಲೆಕ್ಕಕ್ಕಿಡದಷ್ಟು ಕಡಿಮೆ ರೋಧ. ಮೀಟರಿನ ಕಡ್ಡಿಗಳದ್ದೇ ಕೆಲವೊಮ್ಮೆ ಅಷ್ಟಿರುತ್ತದೆ. ಅಲ್ಲಿ ಹುಟ್ಟುವ ಶಾಖದ ಸಾಮರ್ಥ್ಯ 2.9 ಗುಣಿಸು 3.6, ಹತ್ತು ವಾಟಿಗೂ ಸ್ವಲ್ಪ ಹೆಚ್ಚು. ಸಣ್ಣ ಸೋಲ್ಡರಿಂಗ್ ಕಡ್ಡಿ 25 ವಾಟಿನದು. ಅದರ ಅರ್ಧದ ಹತ್ತಿರದ ಶಾಖ ಬಟಾಣಿ ಕಾಳಿನಷ್ಟು ಜಾಗದಲ್ಲಿ. ಬಿಚ್ಚಿದಾಗ ಪಿನ್ನಿನ ಸುತ್ತಲಿನ ಪ್ಲಾಸ್ಟಿಕ್ಕು ಕಂದಿಹೋಗಿತ್ತು, ಪಿನ್ನಿಗೆ ಹಸಿರು ಕಿಲುಬು ಹತ್ತಿತ್ತು. ಬಿಸಿಯಾದಷ್ಟೂ ಪಿನ್ನಿನ ಹಿಡಿತ ಸಡಿಲ, ಸಡಿಲವಾದಷ್ಟೂ ರೋಧ ಹೆಚ್ಚು, ರೋಧ ಹೆಚ್ಚಿದಷ್ಟೂ ಬಿಸಿ. ಅರ್ಧ ಗಂಟೆಯ ಮೇಲೆ ನಿಲ್ಲುವುದಕ್ಕೂ ಇಪ್ಪತ್ತು ನಿಮಿಷ ತಣಿದರೆ ಓಡುವುದಕ್ಕೂ ಕಾರಣ ಇದು.

ಇಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರ. ಓಮ್‌ನ ನಿಯಮವನ್ನು ಜೋಡಣೆಗೆ ಹಚ್ಚಿ, ಮೋಟರಿಗೆ ಹಚ್ಚಬೇಡಿ. ತಿರುಗುವ ಮೋಟರು ತನ್ನೊಳಗೇ ಎದುರು ವೋಲ್ಟೇಜು ಹುಟ್ಟಿಸಿಕೊಳ್ಳುತ್ತದೆ. ಅದು ಸ್ಥಿರ ರೋಧದ ರೋಧಕವಲ್ಲ. "ಪಂಪಿನ ರೋಧ 3 ಓಮ್ ಆದರೆ..." ಎಂದು ಪ್ರಶ್ನೆ ಕಟ್ಟಿದರೆ ಲೆಕ್ಕ ಚೆಂದ ಕಾಣುತ್ತದೆ, ಭೌತವಿಜ್ಞಾನ ತಪ್ಪಾಗುತ್ತದೆ. ಅಳೆದ ವೋಲ್ಟೇಜು, ಅಳೆದ ಪ್ರವಾಹ ಇಟ್ಟುಕೊಂಡರೆ ಆ ತೊಡಕಿಲ್ಲ.

ಮೂರು ವಾರದ ಗುಟ್ಟು

ಹೊಸ ಪಂಪು ಹಾಕಿದಾಗ ವ್ಯಾನು ಮೂರು ವಾರ ಸರಿಯಾಗಿ ಓಡಿದ್ದು ಏಕೆ? ಇದನ್ನು ತರಗತಿಗೆ ಬಿಟ್ಟೆ. ಇಡೀ ಎರಡು ಅವಧಿಗಳಲ್ಲಿ ಅತಿ ಹೆಚ್ಚು ಮಾತು ನಡೆದದ್ದು ಈ ಪ್ರಶ್ನೆಯ ಮೇಲೆ. ಹೊಸ ಪಂಪಿಗೆ ಶಕ್ತಿ ಹೆಚ್ಚು ಎಂದರು ಕೆಲವರು. ಮೂರು ವಾರ ಮಳೆ ಬಂದಿರಲಿಲ್ಲವೇನೋ ಎಂದ ಒಬ್ಬ. ಕೆಟ್ಟ ಊಹೆಯಲ್ಲ, ತೇವಕ್ಕೂ ಕಿಲುಬಿಗೂ ನಂಟಿದೆ. ಕೊನೆಗೆ ಹಿಂದಿನ ಬೆಂಚಿನ, ಮನೆಯಲ್ಲಿ ಮಗ್ಗ ಇರುವ ಹುಡುಗ ಹೇಳಿದ: "ಪಂಪ್ ಹಾಕ್ಬೇಕಾದ್ರೆ ಆ ಪ್ಲಗ್ಗು ಬಿಚ್ಚಿ ಸಿಕ್ಕಿಸಿರ್ತಾರಲ್ಲ ಮಿಸ್. ನಮ್ಮ ಮಗ್ಗದ ಸ್ವಿಚ್ಚೂ ಅಷ್ಟೆ, ಎರಡು ಸಲ ಹಾಕಿ ತೆಗೆದ್ರೆ ಸರಿ ಹೋಗುತ್ತೆ."

ಅದೇ ಉತ್ತರ. ಕಪ್ಲರ್ ಬಿಚ್ಚಿ ಮತ್ತೆ ತುರುಕಿದಾಗ ಪಿನ್ನುಗಳು ಉಜ್ಜಿ ಕಿಲುಬು ಸ್ವಲ್ಪ ಕೆರೆದುಹೋಗುತ್ತದೆ, ಹೊಸ ಜಾಗದಲ್ಲಿ ಲೋಹಕ್ಕೆ ಲೋಹ ತಾಗುತ್ತದೆ. ಗುಣವಾದದ್ದು ಜೋಡಣೆ, ಹೆಸರು ಬಂದದ್ದು ಪಂಪಿಗೆ. ಗ್ಯಾರೇಜಿನವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಪಂಪು ಬದಲಿಸಿದೆವು, ಗಾಡಿ ಓಡಿತು, ಆದ್ದರಿಂದ ಪಂಪು ಕೆಟ್ಟಿತ್ತು ಎಂಬ ತರ್ಕ ಅವರಿಗೂ ಗಟ್ಟಿಯಾಗಿಯೇ ಕಂಡಿರಬೇಕು. ಒಮ್ಮೆಗೆ ಎರಡು ಸಂಗತಿ ಬದಲಾಗಿದ್ದವು, ಒಂದನ್ನು ಮಾತ್ರ ಗಮನಿಸಿದರು. ಎಂಟನೇ ತರಗತಿಯಿಂದ ನಾವು "ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಿ" ಎಂದು ಹೇಳಿಕೊಡುತ್ತೇವೆ, ಮಕ್ಕಳು ಅದನ್ನು ಪ್ರಯೋಗದ ಪುಸ್ತಕದಲ್ಲಿ ಬರೆಯುತ್ತಾರೆ. ಅದಕ್ಕೊಂದು ಬೆಲೆ ಕಟ್ಟಿ ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ: ಎರಡು ಪಂಪಿನ ಹಣ ಒಂದು ಕಡೆ, ಹೊಸ ಪಿನ್ನು ಹಾಕಿ ಬಿಗಿ ಮಾಡಿದ ಖರ್ಚು ಇನ್ನೊಂದು ಕಡೆ. ಪಿನ್ನು ಬದಲಿಸಿದ ಮೇಲೆ ಅರ್ಥ್ ಕಡೆಯ ಇಳಿತ 0.1 ವೋಲ್ಟಿಗೆ ಬಂತು.

ಹಾಗೆಂದು ಪಂಪು ಎಂದೂ ಕೆಡುವುದಿಲ್ಲ ಎಂಬ ತೀರ್ಮಾನಕ್ಕೆ ತರಗತಿ ಹೋಗಬಾರದು. 2020ರಲ್ಲಿ ಹೋಂಡಾ ಕಂಪನಿ ಭಾರತದಲ್ಲಿ 65 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಇಂಧನ ಪಂಪು ಬದಲಿಸಲೆಂದೇ ವಾಪಸ್ ಕರೆಯಿತು. ಪಂಪಿನೊಳಗೆ ತಿರುಗುವ ಇಂಪೆಲ್ಲರಿನಲ್ಲಿ ದೋಷವಿತ್ತು, ಎಂಜಿನ್ನು ನಿಲ್ಲುವ ಅಥವಾ ಸ್ಟಾರ್ಟ್ ಆಗದಿರುವ ಸಾಧ್ಯತೆ ಇತ್ತು. ಅಂಥ ಗಾಡಿಯಲ್ಲಿ ತಂತಿಗಳನ್ನು ಎಷ್ಟು ಉಜ್ಜಿದರೂ ಫಲವಿಲ್ಲ. ಎರಡನ್ನೂ ಬೇರ್ಪಡಿಸಲು ವೋಲ್ಟೇಜು, ಪ್ರವಾಹ ಎರಡನ್ನೂ ಓಡುವಾಗ ನೋಡಬೇಕು. ಪಂಪಿನ ತುದಿಗಳಲ್ಲಿ ವೋಲ್ಟೇಜು ಕಡಿಮೆ, ಪ್ರವಾಹವೂ ಕಡಿಮೆ ಎಂದರೆ ದಾರಿಯಲ್ಲಿ ರೋಧ. ವೋಲ್ಟೇಜು ಪೂರ್ತಿ ಇದೆ, ಪ್ರವಾಹ ಸೊನ್ನೆ ಎಂದರೆ ಮೋಟರಿನ ಒಳಗೆ ಎಲ್ಲೋ ಮಂಡಲ ತುಂಡಾಗಿದೆ, ಬ್ರಷ್ ಸವೆದಿರಬಹುದು. ವೋಲ್ಟೇಜು ಪೂರ್ತಿ, ಪ್ರವಾಹ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ಎಂದರೆ ಮೋಟರು ತಿಣುಕುತ್ತಿದೆ. ಫಿಲ್ಟರ್ ಕಟ್ಟಿರಬಹುದು, ಒಳಗೆ ಏನೋ ಸಿಕ್ಕಿರಬಹುದು. ಎರಡೂ ಸರಿಯಿದ್ದು ಎಂಜಿನ್ನು ಮಾತ್ರ ನಿಲ್ಲುತ್ತಿದ್ದರೆ ಪಂಪಿನ ವಿದ್ಯುತ್ತಿನ ತಂಟೆ ಬಿಟ್ಟು ಇಂಧನದ ಒತ್ತಡ ಅಳೆಯಬೇಕು. ಇಂಜೆಕ್ಷನ್ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 3 ಬಾರ್ ಆಸುಪಾಸು, ವಾತಾವರಣದ ಒತ್ತಡದ ಮೂರು ಪಟ್ಟು.

ಮೀಟರ್ ಇಲ್ಲದವರು ಟೆಸ್ಟ್ ಲ್ಯಾಂಪ್ ಬಳಸುತ್ತಾರೆ. ಅಲ್ಲೂ ಇದೇ ತತ್ವ. ಎಲ್.ಇ.ಡಿ. ಲ್ಯಾಂಪಿಗೆ ಬೇಕಾದ ಪ್ರವಾಹ ತೀರಾ ಸಣ್ಣದು. ಕಿಲುಬಿನ ಮೂಲಕವೂ ಚೆನ್ನಾಗಿ ಬೆಳಗಿ ದಾರಿ ತಪ್ಪಿಸುತ್ತದೆ. ಅಣ್ಣನ ಬಳಿ ಇರುವುದು ಹಳೆಯ 55 ವಾಟಿನ ಹೆಡ್‌ಲೈಟ್ ಬಲ್ಬು. ಅದು ಎಳೆಯುವುದು ಸುಮಾರು 4.6 ಆಂಪಿಯರ್, ಪಂಪಿನಷ್ಟೇ ಕೆಲಸ. ದಾರಿ ಕೆಟ್ಟಿದ್ದರೆ ಮಂಕಾಗಿ ಉರಿದು ಸತ್ಯ ಹೇಳುತ್ತದೆ. ಕಂಪ್ಯೂಟರಿನ ಸಣ್ಣ ತಂತಿಗಳಿಗೆ ಮಾತ್ರ ಅದನ್ನು ಹಿಡಿಯಬಾರದು.

ತರಗತಿಯಲ್ಲಿ ಬಕೆಟ್ಟು

ನಿಜವಾದ ಇಂಧನ ಪಂಪನ್ನು ಶಾಲೆಗೆ ತರಬೇಡಿ. ಬಳಸಿದ ಪಂಪಿನೊಳಗೆ ಪೆಟ್ರೋಲಿನ ಆವಿ ಉಳಿದಿರುತ್ತದೆ, ಮೋಟರಿನ ಬ್ರಷ್ ಕಿಡಿ ಹಾರಿಸುತ್ತದೆ. ಗಾಡಿಯ ಮೇಲೆ ಮಕ್ಕಳಿಂದ ಅಳತೆ ಮಾಡಿಸುವುದೂ ಬೇಡ. ಆ ಭಾನುವಾರ ನಾವೂ ನೋಡಿದ್ದಷ್ಟೇ. ಪೆಟ್ರೋಲಿನ ವಾಸನೆ ಬರುತ್ತಿದ್ದರೆ ತಿಳಿದವರೂ ಅಲ್ಲಿ ಮೀಟರ್ ಹಿಡಿಯುವುದಿಲ್ಲ.

ಗಾಡಿಯ ಮುಂದಿನ ಗಾಜಿಗೆ ನೀರು ಚಿಮ್ಮಿಸುವ 12 ವೋಲ್ಟಿನ ವಾಷರ್ ಮೋಟರು ಬಿಡಿಭಾಗಗಳ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ನೀರಿನ ಬಕೆಟ್ಟಿಗೆ ಜೋಡಿಸಿ, ಕೊಳವೆಯ ಬಾಯನ್ನು ಮೇಲಕ್ಕೆ ಕಟ್ಟಿದೆ. ಬೈಕಿನ ಬ್ಯಾಟರಿ, ಫ್ಯೂಸು, ಒಂದು ಸ್ವಿಚ್ಚು, ಉದ್ದನೆಯ ಎರಡು ತಂತಿ. ಕಿಲುಬಿನ ಬದಲಿಗೆ ಹಳೆಯ 1000 ವಾಟಿನ ಹೀಟರ್ ಕಾಯಿಲಿನ ತುಂಡು. 230ರ ವರ್ಗವನ್ನು 1000ದಿಂದ ಭಾಗಿಸಿದರೆ ಪೂರ್ತಿ ಕಾಯಿಲಿಗೆ ಸುಮಾರು 53 ಓಮ್. ಅದರ ಇಪ್ಪತ್ತೈದನೇ ಒಂದು ಪಾಲು ಕತ್ತರಿಸಿದರೆ 2 ಓಮಿನ ಆಸುಪಾಸು. ಈ ಲೆಕ್ಕವನ್ನು ಮಕ್ಕಳೇ ಮಾಡಿ ಸ್ಕೇಲಿನಲ್ಲಿ ಅಳೆದು ಕೊಟ್ಟರು, ನಾನು ಕತ್ತರಿಸಿದೆ. ತುಂಡು ಬಿಸಿಯಾಗುತ್ತದೆ, ಮುಟ್ಟಲು ಬಿಡಬೇಡಿ. ಹೆಂಚಿನ ಚೂರಿನ ಮೇಲೆ ಇಟ್ಟರೆ ಒಳ್ಳೆಯದು. ಗೋಡೆಯ ಪ್ಲಗ್ಗಿನ ಹತ್ತಿರ ಈ ಯಾವುದನ್ನೂ ಒಯ್ಯಬಾರದೆಂದು ಮೊದಲೇ ಹೇಳಿಬಿಡಿ.

ಕಾಯಿಲಿನ ತುಂಡನ್ನು ದಪ್ಪ ಟೇಪಿನ ಉರುಳೆಯ ಹಿಂದೆ ಮರೆಮಾಡಿ ಇಟ್ಟೆ. ಮೊದಲು ಮೋಟರಿನ ತಂತಿ ಬಿಚ್ಚಿ ಅಳೆಸಿದೆ. ಬ್ಯಾಟರಿಯಲ್ಲಿ ಇದ್ದಷ್ಟೇ ಬಂತು. ಮೋಟರು ಸಿಕ್ಕಿಸಿದರೆ ನೀರು ಎಷ್ಟು ಎತ್ತರ ಚಿಮ್ಮುತ್ತದೆ ಎಂದು ಊಹಿಸಿ ಬರೆಯಲು ಹೇಳಿದೆ. ಚಾವಣಿಗೆ ಮುಟ್ಟುತ್ತದೆ ಎಂದು ಬರೆದವರೂ ಇದ್ದರು. ಸ್ವಿಚ್ಚು ಒತ್ತಿದಾಗ ಗೇಣುದ್ದ ಮೇಲೆದ್ದು ಬಿತ್ತು. ಮೀಟರನ್ನು ಹಾಗೇ ಹಿಡಿದಿದ್ದ ಹುಡುಗಿ ಸಂಖ್ಯೆ ಬೀಳುವುದನ್ನು ಗಟ್ಟಿಯಾಗಿ ಓದಿದಳು. ನಂತರ ಟೇಪು ಸರಿಸಿ, ತುಂಡಿನ ಎರಡು ಬದಿಗೆ ಮೀಟರ್ ಹಿಡಿಸಿ, ಕಳೆದುಹೋದ ವೋಲ್ಟು ಅಲ್ಲೇ ಕುಳಿತಿರುವುದನ್ನು ತೋರಿಸಿದೆ. ತುಂಡು ತೆಗೆದು ನೇರ ಜೋಡಿಸಿದಾಗ ನೀರು ಮುಂದಿನ ಬೆಂಚಿನವರ ಮೇಲೂ ಬಿತ್ತು.

ಇದಕ್ಕೆ 40 ನಿಮಿಷದ ಒಂದು ಅವಧಿ ಸಾಲದು. ಮೊದಲ ದಿನ ಬಕೆಟ್ಟು, ಎರಡನೇ ದಿನ ವ್ಯಾನಿನ ಸಂಖ್ಯೆಗಳು ಎಂದು ಹಂಚಿದರೆ ಸರಿಹೋಗುತ್ತದೆ. ಪಾಠ ವೀಕ್ಷಣೆಗೆ ಬಂದ ಹಿರಿಯರು ಪಠ್ಯದಲ್ಲಿ ಇಲ್ಲದ ವಿಷಯಕ್ಕೆ ಹೆಚ್ಚು ಸಮಯ ಹೋಯಿತೆಂದು ಟಿಪ್ಪಣಿ ಬರೆದರು. ವಾಹನ ಪಠ್ಯದಲ್ಲಿಲ್ಲ, ನಿಜ. ಸರಣಿ ಸಂಯೋಜನೆ, ಶಾಖೋತ್ಪನ್ನ ಪರಿಣಾಮ, ಫ್ಯೂಸು ಮೂರೂ ಇವೆ. ಪಾಠಯೋಜನೆಯ ಉದ್ದೇಶಗಳ ಕಾಲಂನಲ್ಲಿ ಈ ಮೂರನ್ನು ಮೊದಲೇ ಸ್ಪಷ್ಟವಾಗಿ ಬರೆದಿಡುವುದು ಒಳ್ಳೆಯದು.

ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆ ಹೀಗಿತ್ತು: "ಸಂಜೆ ಅಕ್ಕಪಕ್ಕದ ಬೋರ್‌ವೆಲ್ ಮೋಟರುಗಳು ಶುರುವಾದಾಗ ಲೈನಿನ ಕೊನೆಯ ಮನೆಯ ಬಲ್ಬು ಮಂಕಾಗುತ್ತದೆ, ಟ್ರಾನ್ಸ್‌ಫಾರ್ಮರ್ ಪಕ್ಕದ ಮನೆಯದು ಅಷ್ಟಾಗಿ ಮಂಕಾಗುವುದಿಲ್ಲ. ಏಕೆ? ಮೋಟರುಗಳು ನಿಂತಾಗ ಕೊನೆಯ ಮನೆಯಲ್ಲಿ ಅಳೆದರೆ ಈ ತೊಂದರೆ ತಿಳಿಯುತ್ತದೆಯೆ?" ವ್ಯಾನೂ ಇಲ್ಲ, ಪಂಪೂ ಇಲ್ಲ, ವಿಚಾರ ದಾಟಿದೆಯೋ ಇಲ್ಲವೋ ಇಲ್ಲಿ ಗೊತ್ತಾಗುತ್ತದೆ. ಮೊದಲ ಭಾಗಕ್ಕೆ "ದೂರ ಜಾಸ್ತಿ" ಎಂದಷ್ಟೇ ಬರೆದು ನಿಲ್ಲಿಸಿದವರು ಕೆಲವರಿದ್ದರು. ಅವರಿಗೆ ಬಕೆಟ್ಟಿನ ಪ್ರಯೋಗವನ್ನು ತಂತಿಯ ಉದ್ದ ಬದಲಿಸಿ ಇನ್ನೊಮ್ಮೆ ಮಾಡಿಸಿದೆ.

ವಾಷರ್ ಮೋಟರನ್ನು ನೀರಿಲ್ಲದೆ ಓಡಿಸಬೇಡಿ, ಬೇಗ ಕೆಡುತ್ತದೆ. ಟ್ಯಾಂಕಿನೊಳಗಿನ ಪಂಪೂ ಹಾಗೆಯೇ, ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುವುದು. ಯಾವಾಗಲೂ ರಿಸರ್ವಿನಲ್ಲೇ ಗಾಡಿ ಓಡಿಸುವವರ ಪಂಪು ಬಿಸಿಯಾಗುವುದು ಹೆಚ್ಚು. ಪಾಠ ಮುಗಿದ ಮೇಲೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಬಕೆಟ್ಟಿನ ನೀರನ್ನು ಶಾಲೆಯ ಗಿಡಗಳಿಗೆ ಹಾಕಿ, ಮೋಟರನ್ನು ಒಂದು ದಿನ ಒಣಗಿಸಿ ಎತ್ತಿಡಿ. ಕಾಯಿಲಿನ ತುಂಡುಗಳ ಮೇಲೆ ಅಳೆದ ರೋಧವನ್ನು ಚೀಟಿ ಬರೆದು ಅಂಟಿಸಿಟ್ಟರೆ ಮುಂದಿನ ತಂಡದವರಿಗೆ ಕತ್ತರಿಸುವ ಕೆಲಸ ಉಳಿಯುತ್ತದೆ.